ಮುಡುಪಿದೆ, ಬಿಡುವಿಲ್ಲ

ಪ್ರವಾಸಕ್ಕೆ ಹಣ ಕೂಡಿಡುವ ಸಲಹೆಗಳೆಲ್ಲ ತಿಂಗಳ ಸಂಬಳವನ್ನೇ ನಂಬಿರುತ್ತವೆ. ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು, ಚಿಕ್ಕಬಳ್ಳಾಪುರ ತಾಲ್ಲೂಕುಗಳ ರೈತ ಕುಟುಂಬಗಳಿಗೆ ಆ ಲೆಕ್ಕ ಒಗ್ಗದು. ಇಲ್ಲಿ ಹಣ ಕೈಸೇರುವುದು ರೇಷ್ಮೆಗೂಡು ಹರಾಜಾದಾಗ, ಟೊಮೆಟೊಗೆ ಬೆಲೆ ಸಿಕ್ಕಾಗ, ಡೇರಿಯಲ್ಲಿ ಹಾಲಿನ ಬಟವಾಡೆಯಾದಾಗ.

ಆದರೂ ಯಾತ್ರೆಗಾಗಿ ಉಳಿಸುವುದು ಇಲ್ಲಿ ಹೊಸತಲ್ಲ. ತಿಮ್ಮಪ್ಪನ ಹೆಸರಿನಲ್ಲಿ ಅರಿಸಿನದ ಬಟ್ಟೆಯಲ್ಲಿ ಕಟ್ಟಿಟ್ಟ ಮುಡುಪನ್ನು ಎಂಥ ಅಡಚಣೆಯಲ್ಲೂ ಬಿಚ್ಚುವುದಿಲ್ಲ. ಅದು ಹುಂಡಿಗೆ ಸೇರಬೇಕಾದ ಹಣ. ದಾರಿಖರ್ಚಿಗೆ ಚೀಟಿಯೋ ಸ್ತ್ರೀಶಕ್ತಿ ಸಂಘದ ಉಳಿತಾಯವೋ ಒದಗಬೇಕು. 2023ರ ಜೂನ್ 11ರಂದು ಆರಂಭವಾದ ‘ಶಕ್ತಿ’ ಯೋಜನೆಯಿಂದ ಧರ್ಮಸ್ಥಳಕ್ಕೆ ಹೊರಟ ಮಹಿಳೆಗೆ ಸಾಮಾನ್ಯ ಸಾರಿಗೆ ಬಸ್ಸಿನ ದರ ಉಳಿಯಿತು. ಆಂಧ್ರದ ತಿರುಪತಿಗೆ ಆ ಅನುಕೂಲವಿಲ್ಲ.

ಹಣ ಕೂಡಿದ ಮೇಲೂ ಉಳಿಯುವ ಕೊರತೆ ಬಿಡುವಿನದು. ಹಸುವಿನ ಹಾಲನ್ನು ದಿನಕ್ಕೆರಡು ಬಾರಿ ಕರೆಯಲೇಬೇಕು. ರೇಷ್ಮೆಹುಳು ಮೊಟ್ಟೆಯೊಡೆದು ಗೂಡು ಕಟ್ಟುವವರೆಗಿನ ಸುಮಾರು 25 ದಿನಗಳಲ್ಲಿ, ನಾಲ್ಕು ಜ್ವರಗಳ ಹೊತ್ತು ಬಿಟ್ಟರೆ, ಸೊಪ್ಪು ತಪ್ಪಿಸುವಂತಿಲ್ಲ. ಹೀಗಾಗಿ ಮನೆಮಂದಿಯೆಲ್ಲ ಒಟ್ಟಾಗಿ ಹೊರಡುವುದು ಅಪರೂಪ. ಒಬ್ಬರು ಉಳಿಯಬೇಕು, ಉಳಿಯುವವಳು ಎಷ್ಟೋ ಮನೆಗಳಲ್ಲಿ ಆ ಹಣ ಕೂಡಿಸಿದ ಗೃಹಿಣಿಯೇ.

ಇದಕ್ಕೆ ಪರಿಹಾರ ಬ್ಯಾಂಕಿನಲ್ಲಿಲ್ಲ, ನೆರೆಮನೆಯಲ್ಲಿದೆ. ಒಂದು ಬೆಳೆ ಮುಗಿದು ಮುಂದಿನ ಚಾಕಿ ಮನೆಗೆ ಬರುವ ಮುನ್ನಿನ ದಿನಗಳನ್ನು ಆರಿಸಿ, ಹಸುವನ್ನು ನೆರೆಯವರಿಗೆ ಒಪ್ಪಿಸಿ, ಅವರ ಸರದಿ ಬಂದಾಗ ಮುಯ್ಯಿ ತೀರಿಸುವುದು ನಮ್ಮ ಹಳ್ಳಿಗಳಿಗೆ ಗೊತ್ತಿರುವ ವ್ಯವಹಾರವೇ. ಉಳಿತಾಯದ ಪುಸ್ತಕದಲ್ಲಿ ರೂಪಾಯಿಯೊಡನೆ ಈ ಮುಯ್ಯನ್ನೂ ಬರೆದಿಟ್ಟರೆ, ಕೂಡಿಸಿದವಳೂ ಒಮ್ಮೆ ಬಸ್ಸಿನ ಕಿಟಕಿಯ ಪಕ್ಕ ಕುಳಿತಾಳು.