ಆರೋಪಿಯ ಬದಿಗೆ ವಕೀಲ ಬಂದ ದಾರಿ

ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ಚಂದ್ರಲಾಂಬಾ ದೇವಸ್ಥಾನದ ಆವರಣವಿದೆ. 1980ರ ದಶಕದಲ್ಲಿ ಅಲ್ಲಿನ ಕಾಳಿಯ ಗುಡಿಯ ಚಾವಣಿ ಕುಸಿದಾಗ ವಿಗ್ರಹದ ಪೀಠದ ಕಲ್ಲು ಅಶೋಕನ ಶಾಸನವೆಂದು ಗೊತ್ತಾಯಿತು. ಕಳಿಂಗದ ಧೌಲಿ, ಜೌಗಡಗಳಲ್ಲಿ ಸಿಕ್ಕ ಪ್ರತ್ಯೇಕ ಶಾಸನಗಳು ಅದರ ಒಂದು ಮಗ್ಗುಲಲ್ಲಿವೆ. ಧೌಲಿಯ ಪಾಠದಲ್ಲಿ ರಾಜ ನಗರದ ನ್ಯಾಯಾಧಿಕಾರಿಗಳನ್ನು ಎಚ್ಚರಿಸುತ್ತಾನೆ: ಕಾರಣವಿಲ್ಲದೆ ಯಾರೂ ಸೆರೆಮನೆ ಸೇರಬಾರದು, ಸಿಟ್ಟು, ಅವಸರ, ಸೋಮಾರಿತನ ನಿಮ್ಮನ್ನು ಕೆಡಿಸಬಾರದು. ಒಳ್ಳೆಯ ಮಾತೇ. ಆದರೆ ಸೆರೆಸಿಕ್ಕವನ ಪರವಾಗಿ ಎದ್ದು ಮಾತಾಡುವವರು ಯಾರು ಎಂಬ ಪ್ರಶ್ನೆ ಅಲ್ಲಿಲ್ಲ. ಮುಂದೆ ಬಂದ ಸ್ಮೃತಿಕಾರ ಕಾತ್ಯಾಯನನಂತೂ ಕೊಲೆ, ಕಳವಿನಂಥ ಆರೋಪಗಳಿಗೆ ಪ್ರತಿನಿಧಿಯನ್ನೇ ಒಪ್ಪಲಿಲ್ಲ. ಆರೋಪ ಹೊತ್ತವನೇ ಬಂದು ಉತ್ತರ ಹೇಳಬೇಕು. ಇಂಗ್ಲೆಂಡೇನೂ ಮುಂದಿರಲಿಲ್ಲ. ಘೋರ ಅಪರಾಧದ ಆರೋಪಿಯ ವಕೀಲನಿಗೆ ಅಲ್ಲಿ ಪೂರ್ತಿ ವಾದ ಮಂಡಿಸಲು ಬಿಟ್ಟದ್ದು 1836ರಲ್ಲಿ.

ವಾಡಿಯಿಂದ ಸಿಕಂದರಾಬಾದಿಗೆ ನಿಜಾಮನ ಕಾಲದಲ್ಲಿ ಹಾಕಿದ ರೈಲುದಾರಿ ಇದೇ ಚಿತ್ತಾಪುರ, ಸೇಡಂ ಹಾದು ತಾಂಡೂರಿನತ್ತ ಹೋಗುತ್ತದೆ. 1956ರಲ್ಲಿ ರಾಜ್ಯಗಳ ಮರುವಿಂಗಡಣೆಯಾಗುವವರೆಗೆ ಶಹಾಬಾದಿನವರಿಗಾಗಲಿ ಚಿಂಚೋಳಿಯವರಿಗಾಗಲಿ ಹೈಕೋರ್ಟ್ ಎಂದರೆ ಹೈದರಾಬಾದ್. ವಕೀಲನಿಲ್ಲದ ವಿಚಾರಣೆ ನಡೆಯಬಹುದೇ ಎಂಬ ಪ್ರಶ್ನೆ ಸ್ವತಂತ್ರ ಭಾರತದ ಸುಪ್ರೀಂ ಕೋರ್ಟಿಗೆ ಹೋದದ್ದೂ ಅದೇ ಹೈದರಾಬಾದ್ ರಾಜ್ಯದಿಂದ. ತೆಲಂಗಾಣ ಸಶಸ್ತ್ರ ಹೋರಾಟದ ಹಲವರಿಗೆ 1949ರಲ್ಲಿ ವಿಶೇಷ ನ್ಯಾಯಮಂಡಳಿಗಳು ಗಲ್ಲು ವಿಧಿಸಿದವು; ಹೈದರಾಬಾದ್ ಹೈಕೋರ್ಟ್ ಎತ್ತಿಹಿಡಿಯಿತು. ವಿಚಾರಣೆಯಲ್ಲಿ ನಮಗೆ ವಕೀಲರೇ ಸಿಗಲಿಲ್ಲ ಎಂದು ಅವರು ದಿಲ್ಲಿಗೆ ಹೋದರು. ಅವರ ಪರ ವಾದಿಸಲು ಬ್ರಿಟನ್ನಿನಿಂದ ಡಿ.ಎನ್. ಪ್ರಿಟ್ ಬಂದರು. ಜನಾರ್ದನ ರೆಡ್ಡಿ ಪ್ರಕರಣವೆಂದೇ ಹೆಸರಾದ ಅದರ ತೀರ್ಪು 1951ರ ಮಾರ್ಚಿನಲ್ಲಿ ಬಂತು: ವಕೀಲನಿರಲಿಲ್ಲ ಎಂಬ ಒಂದೇ ಕಾರಣಕ್ಕೆ ವಿಚಾರಣೆ ಅಸಿಂಧುವಾಗದು. ಸಂವಿಧಾನದ 22ನೇ ವಿಧಿ ಇಷ್ಟದ ವಕೀಲನನ್ನು ಇಟ್ಟುಕೊಳ್ಳುವ ಹಕ್ಕು ಕೊಟ್ಟಿತ್ತು, ನಿಜ. ಅವರಿಗೆ ಶಿಕ್ಷೆಯಾದಾಗ ಸಂವಿಧಾನ ಜಾರಿಗೇ ಬಂದಿರಲಿಲ್ಲ. ಗಲ್ಲು ಕೊನೆಗೆ ಜೀವಾವಧಿಗಿಳಿಯಿತು. ಆದರೆ ಕಾನೂನು ಅಲ್ಲೇ ನಿಂತಿತು.

ಅದು ಕದಲಿದ್ದು ಬಲು ನಿಧಾನಕ್ಕೆ. 1973ರ ದಂಡ ಪ್ರಕ್ರಿಯಾ ಸಂಹಿತೆ ಸೆಷನ್ಸ್ ವಿಚಾರಣೆಯಲ್ಲಿ ಬಡ ಆರೋಪಿಗೆ ಸರ್ಕಾರದ ಖರ್ಚಿನಲ್ಲಿ ವಕೀಲನನ್ನು ಕೊಡಲು ಹೇಳಿತು. 1979ರಲ್ಲಿ ಬಿಹಾರದ ವಿಚಾರಣಾ ಕೈದಿಗಳ ಹುಸೈನಾರಾ ಖಾತೂನ್ ಪ್ರಕರಣ ಉಚಿತ ನೆರವನ್ನು ಜೀವ, ಸ್ವಾತಂತ್ರ್ಯದ ಹಕ್ಕಿನ 21ನೇ ವಿಧಿಯೊಳಗೆ ತಂದಿತು. 1981ರಲ್ಲಿ, ಮ್ಯಾಜಿಸ್ಟ್ರೇಟರ ಮುಂದೆ ಹಾಜರಾದ ಮೊದಲ ದಿನದಿಂದಲೇ ಆ ನೆರವು ಸಿಗಬೇಕು ಎಂದಿತು ಸುಪ್ರೀಂ ಕೋರ್ಟ್. 1986ರ ಸುಖದಾಸ್ ಪ್ರಕರಣದಲ್ಲಂತೂ, ಆರೋಪಿ ವಕೀಲನನ್ನು ಕೇಳಲಿಲ್ಲ ಎಂಬ ಸಬೂಬನ್ನೂ ಒಪ್ಪದೆ ಶಿಕ್ಷೆಯನ್ನೇ ರದ್ದು ಮಾಡಿತು. 1951ರಿಂದ ಇಲ್ಲಿಗೆ 35 ವರ್ಷ.

ಆ ಮೊದಲ ದಿನದ ಬೆಲೆ ತಾಲ್ಲೂಕು ಕೋರ್ಟಿನ ಕಟ್ಟೆಯ ಮೇಲೆ ಕೂತವರಿಗೆ ಗೊತ್ತು. ಕೇಸು ಬಿದ್ದರೆ ಶಿಕ್ಷೆ ತೀರ್ಪಿನವರೆಗೆ ಕಾಯುವುದಿಲ್ಲ. ರಾಜ್ಯ ಸರ್ಕಾರಿ ನೌಕರ 48 ಗಂಟೆಗೂ ಹೆಚ್ಚು ಬಂಧನದಲ್ಲಿದ್ದರೆ ಅಮಾನತಾದಂತೆಯೇ. ಪಾಸ್‌ಪೋರ್ಟ್ ತಡೆಯಬಹುದು, ಸಿಮೆಂಟ್ ಕಾರ್ಖಾನೆಯ ಗುತ್ತಿಗೆ ಕೂಲಿಯವನಿಗೆ ಪಾಳಿ ತಪ್ಪಿತೆಂದರೆ ಪಗಾರವೂ ಇಲ್ಲ. ಇನ್ನೊಂದು ಸೂಕ್ಷ್ಮವಿದೆ. ಬಂಧನದಲ್ಲಿರುವವನ ಮೇಲೆ 60 ದಿನಗಳಲ್ಲಿ, ಗಂಭೀರ ಅಪರಾಧವಾದರೆ 90 ದಿನಗಳಲ್ಲಿ, ದೋಷಾರೋಪಪಟ್ಟಿ ಸಲ್ಲಿಕೆಯಾಗದಿದ್ದರೆ ಜಾಮೀನು ಅವನ ಹಕ್ಕು. ಆದರೆ ಪಟ್ಟಿ ಬರುವ ಮೊದಲೇ ಕೇಳಬೇಕು. ಬಂದ ಮೇಲೆ ಕೇಳಿದರೆ ಕೈತಪ್ಪಿತು. ಆ ತಾರೀಖು ಎಣಿಸಿ ಅರ್ಜಿ ಹಾಕುವುದು ಜೈಲಿನೊಳಗಿದ್ದವನ ಕೈಲಾಗುವ ಕೆಲಸವಲ್ಲ. ಸಿನಿಮಾದ ಕೋರ್ಟಿನಲ್ಲಿ ವಕೀಲರು ಅಬ್ಬರಿಸುತ್ತಾರೆ. ನಿಜದಲ್ಲಿ ಅವರ ಉಪಯೋಗ ಬಹುಪಾಲು ಇಂಥ ಸದ್ದಿಲ್ಲದ ಲೆಕ್ಕದಲ್ಲಿದೆ.

ವಕೀಲರೇ ಬೆನ್ನು ತಿರುಗಿಸಿದ್ದೂ ಉಂಟು. 2020ರಲ್ಲಿ ದೇಶದ್ರೋಹದ ಆರೋಪ ಹೊತ್ತ ಕಾಶ್ಮೀರಿ ವಿದ್ಯಾರ್ಥಿಗಳ ಪರ ಯಾರೂ ನಿಲ್ಲಬಾರದೆಂದು ಹುಬ್ಬಳ್ಳಿ ವಕೀಲರ ಸಂಘ ನಿರ್ಣಯಿಸಿತು. ಇಂಥ ನಿರ್ಣಯಗಳು ಅಸಿಂಧು ಎಂದು ಸುಪ್ರೀಂ ಕೋರ್ಟ್ ಹೇಳಿ ಆಗಲೇ ಒಂಬತ್ತು ವರ್ಷವಾಗಿತ್ತು. ಬೆಂಗಳೂರಿನಿಂದ ಹೋದ ವಕೀಲರಿಗೆ ಧಾರವಾಡದ ಕೋರ್ಟಿನಲ್ಲಿ ಪೊಲೀಸ್ ರಕ್ಷಣೆ ಬೇಕಾಯಿತು.

1956ರ ನಂತರ ಸೇಡಂನವರ ಮೇಲ್ಮನವಿ ವಾಡಿ ಜಂಕ್ಷನ್ನಿನಲ್ಲಿ ರೈಲು ಬದಲಿಸಿ ಬೆಂಗಳೂರಿಗೆ ಹೊರಟಿತು. 2008ರಲ್ಲಿ ಕಲಬುರಗಿಗೆ ಹೈಕೋರ್ಟಿನ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. ಇತ್ತ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1995ರಲ್ಲಿ ಜಾರಿಗೆ ಬಂದು, ತಾಲ್ಲೂಕಿಗೊಂದು ಸಮಿತಿಗೆ ದಾರಿ ಮಾಡಿತು. ಬಂಧನದಲ್ಲಿರುವವರು, ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯ ಎಷ್ಟಿದ್ದರೂ ಉಚಿತವಾಗಿ ವಕೀಲರನ್ನು ಕೇಳಬಹುದು. 15100ಕ್ಕೆ ಫೋನ್ ಮಾಡಿದರೂ ಸಾಕು. ಪುಕ್ಕಟೆ ವಕೀಲ ಪುಕ್ಕಟೆ ಕೆಲಸವನ್ನೇ ಮಾಡುತ್ತಾನೆ ಎಂಬ ಗುಮಾನಿ ಮಾತ್ರ ಕಟ್ಟೆಯ ಮೇಲೆ ಹಾಗೇ ಕೂತಿದೆ. ಖಾಸಗಿ ಕೇಸು ಮುಟ್ಟದೆ ಆರೋಪಿಗಳ ಪರವಷ್ಟೇ ದುಡಿಯುವ ಪೂರ್ಣಾವಧಿ ವಕೀಲರನ್ನು ಜಿಲ್ಲಾಕೇಂದ್ರಗಳಲ್ಲಿ ನೇಮಿಸುವ 2022ರ ಯೋಜನೆ ಅದಕ್ಕೆ ಕೊಟ್ಟ ಉತ್ತರ. ಅಂಥವರು ಚಿಂಚೋಳಿಯಂಥ ತಾಲ್ಲೂಕು ಕೋರ್ಟುಗಳಿಗೂ ಬೇಕು.