ಬಾದಶಹನ ಬಿಡಾರದಿಂದ ಬೋನಾಳ ಕೆರೆಯವರೆಗೆ

1705ರ ಏಪ್ರಿಲ್ 27ರಂದು ಸುರಪುರ ಸೀಮೆಯ ವಾಗಿನಗೇರಾ ಕೋಟೆ ಮೊಗಲರ ಕೈಸೇರಿತು. ಫೆಬ್ರುವರಿಯಿಂದ ಮುತ್ತಿಗೆ ಹಾಕಿ ಕುಳಿತಿದ್ದ ಔರಂಗಜೇಬನಿಗೆ ಕಡೆಗೂ ಸಿಕ್ಕಿದ್ದು ಖಾಲಿ ಕೋಟೆ. ಬೇಡರ ದೊರೆ ಪೀತಾಂಬರ ಬಹರಿ ಪಿಡ್ಡನಾಯಕ ತನ್ನವರೊಂದಿಗೆ ರಾತ್ರೋರಾತ್ರಿ ಹೊರಬಿದ್ದಿದ್ದ. ಬಾದಶಹನಿಗೆ ಆಗ 86 ವರ್ಷ. ಅವನು ಖುದ್ದು ನಿಂತು ನಡೆಸಿದ ಕಟ್ಟಕಡೆಯ ಮುತ್ತಿಗೆ ಅದು.

ಕೋಟೆ ಬಿದ್ದ ಮೇಲೆ ಅವನು ಅಲ್ಲಿ ಉಳಿಯಲಿಲ್ಲ. ಎಂಟು ಮೈಲಿ ತೆಂಕಣಕ್ಕೆ, ಕೃಷ್ಣೆಗೆ ಸಮೀಪದ ದೇವಾಪುರದಲ್ಲಿ ಬಿಡಾರ ಹೂಡಿಸಿದ. ಮೇ ತಿಂಗಳಲ್ಲಿ ಅಲ್ಲಿಯೇ ಹಾಸಿಗೆ ಹಿಡಿದ. ಮೈಮೇಲೆ ಎಚ್ಚರ ತಪ್ಪುವಷ್ಟು ಕಾಯಿಲೆ. ಇನ್ನು ಬದುಕುವುದಿಲ್ಲವೆಂದು ದಂಡಿನವರು ಕಂಗಾಲಾಗಿದ್ದರು. ಹಕೀಮರ ಆರೈಕೆಯಲ್ಲಿ ಮಳೆಗಾಲವೆಲ್ಲ ಕಳೆಯಿತು. ಅಕ್ಟೋಬರ್ 23ಕ್ಕೆ ಚೇತರಿಸಿಕೊಂಡು, ಪಲ್ಲಕ್ಕಿಯಲ್ಲಿ ಅಹ್ಮದನಗರದ ದಾರಿ ಹಿಡಿದ. ಕಾಬೂಲಿನಿಂದ ದಖ್ಖನ್ನಿನವರೆಗೆ ಆಳಿದವನ ತಿಂಗಳುಗಟ್ಟಲೆಯ ವಿಶ್ರಾಂತಿಗೆ ಜಾಗ ಕೊಟ್ಟದ್ದು ಈ ಸೀಮೆಯ ಒಂದು ಸಣ್ಣ ಊರು.

ಯಾದಗಿರಿ ಜಿಲ್ಲೆಯ ವಡಗೇರಾ, ಶಹಾಪುರ, ಸುರಪುರ ಎಂದರೆ ಹೊರಗಿನವರಿಗೆ ನೆನಪಾಗುವುದು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ನೆಲ ಇದು, ಸುಳ್ಳೇನಲ್ಲ. ಆದರೆ ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ ಹರಿಯುವ ಈ ಸೀಮೆಯಲ್ಲಿ ದಣಿದವರು ತಂಪು ಹುಡುಕಿ ಕಂಡುಕೊಂಡ ತಾಣಗಳು ಹಲವು. ಅವುಗಳಲ್ಲಿ ಕೆಲವನ್ನು ಪ್ರಕೃತಿ ಕೊಟ್ಟಿತು, ಕೆಲವನ್ನು ಜನ ಮಣ್ಣು ಹೊತ್ತು ಕಟ್ಟಿಕೊಂಡರು. ಇಂದು ನಾವು ಪ್ರವಾಸಿ ತಾಣವೆನ್ನುವ ಬೋನಾಳ ಕೆರೆ, ಸುರಪುರದ ಟೇಲರ್ ಮಂಜಿಲ್, ಶಹಾಪುರದ ಗುಡ್ಡ, ನಾರಾಯಣಪುರದ ಛಾಯಾ ಭಗವತಿ ರೂಪುಗೊಂಡ ಕಥೆಯಲ್ಲಿ ಈ ನಾಡಿನ ಮುನ್ನೂರು ವರ್ಷಗಳ ಇತಿಹಾಸವೇ ಇದೆ.

ನಾಯಕರ ಕೆರೆ

ಸುರಪುರದ ನಾಯಕರನ್ನು ನಾವು ಹೆಚ್ಚಾಗಿ ಕಾಳಗದವರೆಂದೇ ನೆನೆಯುತ್ತೇವೆ. ಅವರು ನೀರು ಕಟ್ಟಿದವರೂ ಹೌದು. ಸುರಪುರಕ್ಕೆ ಸಮೀಪದ ಬೋನಾಳದಲ್ಲಿ ವಿಶಾಲವಾಗಿ ಹರಡಿಕೊಂಡಿರುವ ಕೆರೆಯನ್ನು 17ನೇ ಶತಮಾನದಲ್ಲಿ ಪಾಮನಾಯಕ ಕಟ್ಟಿಸಿದನೆಂಬುದು ಇಲ್ಲಿ ನಡೆದುಬಂದ ಇತಿಹಾಸ. ಆಗ ಅದರ ಉದ್ದೇಶ ಹೊಲಕ್ಕೆ ನೀರು, ದನಕರುಗಳಿಗೆ ನೀರು. ಹಕ್ಕಿಗಳಿಗೆಂದು ಯಾರೂ ಈ ಕೆರೆ ಕಟ್ಟಲಿಲ್ಲ. ನೀರು ನಿಂತಲ್ಲಿ ಜೊಂಡು ಬೆಳೆಯಿತು, ಜೊಂಡಿನಲ್ಲಿ ಮೀನು, ಕಪ್ಪೆ, ಹುಳಹುಪ್ಪಟೆ ಹೆಚ್ಚಿದವು, ಅವುಗಳ ಬೆನ್ನಿಗೆ ಹಕ್ಕಿಗಳು ಬಂದವು.

ಕೆನ್ನೀಲಿ ಬಕ, ಬಿಳಿಕತ್ತಿನ ಕೊಕ್ಕರೆ, ಬಿಳಿ ಮತ್ತು ಕರಿ ಕೆಂಬರಲು ಇಲ್ಲಿ ಕಾಣಸಿಗುತ್ತವೆ. ಚಳಿಗಾಲಕ್ಕೆ ಬರುವ ಅತಿಥಿ ಪಟ್ಟೆತಲೆ ಹೆಬ್ಬಾತು. ಮಂಗೋಲಿಯಾ, ಟಿಬೆಟ್ ಕಡೆಯ ಎತ್ತರದ ಸರೋವರಗಳ ದಂಡೆಯಲ್ಲಿ ಮರಿ ಮಾಡುವ ಈ ಹಕ್ಕಿ ಹಿಮಾಲಯವನ್ನು ಹಾರಿ ದಾಟಿ ದಕ್ಷಿಣಕ್ಕೆ ಇಳಿಯುತ್ತದೆ. ಹಗಲು ನೀರಲ್ಲಿ ತೇಲುತ್ತ ವಿಶ್ರಮಿಸಿ, ಸಂಜೆಯಾದರೆ ಹೊಲಗದ್ದೆಗಳಿಗೆ ಮೇಯಲು ಹೋಗುವುದು ಅದರ ದಿನಚರಿ. ಪಾಮನಾಯಕನ ಒಡ್ಡು ನಿಲ್ಲದೆ ಹೋಗಿದ್ದರೆ ಈ ಹಕ್ಕಿಗಳಿಗೆ ಬೋನಾಳದಲ್ಲಿ ಇಳಿಯಲು ನೀರೇ ಇರುತ್ತಿರಲಿಲ್ಲ. ಒಕ್ಕಲುತನಕ್ಕೆ ಕಟ್ಟಿದ ಕೆರೆ ಪಕ್ಷಿಧಾಮವಾದ ಬಗೆ ಇದು.

ಗುಡ್ಡದ ಮೇಲಿನ ಮನೆ

ಈ ಕೆರೆಗೆ ಎರಡನೆಯ ಜೀವ ಬಂದದ್ದು 19ನೇ ಶತಮಾನದಲ್ಲಿ. 1842ರಲ್ಲಿ ಸುರಪುರದ ರಾಜ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಉತ್ತರಾಧಿಕಾರಿ ವೆಂಕಟಪ್ಪ ನಾಯಕ ಇನ್ನೂ ಬಾಲಕ. ಅವನ ತಾಯಿ ರಾಣಿ ಈಶ್ವರಮ್ಮ ಒಂದು ಕಡೆ, ಸಂಸ್ಥಾನದ ಸಾಲ ಇನ್ನೊಂದು ಕಡೆ, ನಡುವೆ ಹೈದರಾಬಾದಿನ ನಿಜಾಮನ ಬಾಕಿ ವಸೂಲಿಯ ಒತ್ತಡ. ಆಗ ಬ್ರಿಟಿಷರ ಪ್ರತಿನಿಧಿಯಾಗಿ ಆಡಳಿತ ವಹಿಸಿಕೊಂಡವನು ಫಿಲಿಪ್ ಮೆಡೋಸ್ ಟೇಲರ್. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, ಹದಿನೈದರ ಹರೆಯದಲ್ಲಿ ಮುಂಬೈಗೆ ಬಂದು, ನಿಜಾಮನ ಸೈನ್ಯ ಸೇರಿದ್ದವನು. ಥಗ್ಗರ ಕುರಿತು 1839ರಲ್ಲಿ ಬರೆದ ಕಾದಂಬರಿಯಿಂದ ಆಗಲೇ ಇಂಗ್ಲೆಂಡಿನಲ್ಲಿ ಹೆಸರಾಗಿದ್ದ.

ಭೂಮಾಪನ, ರಸ್ತೆ, ಕಟ್ಟಡದ ವಿದ್ಯೆಗಳನ್ನು ಟೇಲರ್ ಯಾವ ಕಾಲೇಜಿನಲ್ಲೂ ಓದಿದವನಲ್ಲ, ಸ್ವಂತ ದುಡಿಮೆಯಿಂದ ಕಲಿತವನು. ಸುರಪುರದಲ್ಲಿ ಜಮೀನು ಅಳೆಸಿದ, ದಾರಿ ಮಾಡಿಸಿದ, ಬೋನಾಳ ಕೆರೆಯನ್ನು ಸುಧಾರಿಸಿದ. ಊರಿನ ಗುಡ್ಡದ ಮೇಲೆ ಗಾಳಿ ಆಡುವ ಜಾಗ ನೋಡಿ ತನಗೊಂದು ಮನೆ ಕಟ್ಟಿಸಿಕೊಂಡ. ಜನರ ಬಾಯಲ್ಲಿ ಅದು ಇಂದಿಗೂ ಟೇಲರ್ ಮಂಜಿಲ್. ಸುರಪುರದ ಆ ವರ್ಷಗಳಲ್ಲೇ, 1844ರಲ್ಲಿ, ಅವನ ಹೆಂಡತಿ ಮೇರಿ ತೀರಿಕೊಂಡಳು. ಓದು, ಚಿತ್ರ ಬಿಡಿಸುವುದು, ಸುತ್ತಲಿನ ನೆಲವನ್ನು ಅರಿಯುವುದು ಅವನ ಬದುಕನ್ನು ತುಂಬಿದವು.

ಆ ಅರಿಯುವ ಹಂಬಲದಿಂದಲೇ ಇನ್ನೊಂದು ದೊಡ್ಡ ಕೆಲಸ ನಡೆಯಿತು. ರಾಜನಕೋಳೂರು, ಹಗರಟಗಿ, ಶಹಾಪುರ ಸಮೀಪದ ವಿಭೂತಿಹಳ್ಳಿ ಮುಂತಾದೆಡೆ ಹರಡಿದ್ದ ಬೃಹತ್ ಶಿಲಾಗೋರಿಗಳನ್ನೂ ಸಾಲುಗಲ್ಲುಗಳನ್ನೂ ಟೇಲರ್ ಅಳೆದು, ಅಗೆದು, ಚಿತ್ರ ಬರೆದು 1850ರ ದಶಕದ ಆರಂಭದಲ್ಲಿ ಮುಂಬೈಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ. ದಖ್ಖನ್ನಿನ ಬೃಹತ್ ಶಿಲಾಗೋರಿಗಳ ಬಗ್ಗೆ ವ್ಯವಸ್ಥಿತವಾಗಿ ಬರೆದ ಮೊದಲಿಗರಲ್ಲಿ ಅವನೊಬ್ಬ. ಊರವರು ಮೋರೇರ ಮನೆ ಎಂದು ದೂರ ನಿಲ್ಲುತ್ತಿದ್ದ ಕಲ್ಲುಗಳು ಹೀಗೆ ಜಗತ್ತಿನ ವಿದ್ವಾಂಸರ ಗಮನಕ್ಕೆ ಬಂದವು.

ಟೇಲರ್ ಮಂಜಿಲಿನ ಕಥೆಯಲ್ಲಿ ನೋವೂ ಇದೆ. 1853ರಲ್ಲಿ ಆಡಳಿತ ರಾಜಾ ವೆಂಕಟಪ್ಪ ನಾಯಕನ ಕೈಗೆ ಬಂತು, ಟೇಲರ್ ಸುರಪುರ ಬಿಟ್ಟ. ಚಿಕ್ಕಂದಿನಿಂದ ಆ ರಾಜ ಅವನನ್ನು ಅಪ್ಪ ಎಂದೇ ಕರೆಯುತ್ತಿದ್ದನೆಂದು ಟೇಲರನ ಆತ್ಮಕಥೆ ಹೇಳುತ್ತದೆ. 1858ರ ಫೆಬ್ರುವರಿಯಲ್ಲಿ ಅದೇ ರಾಜ ಬ್ರಿಟಿಷರ ವಿರುದ್ಧ ಎದ್ದು ನಿಂತ. ಸೋತು, ಹೈದರಾಬಾದಿನಲ್ಲಿ ಸೆರೆಸಿಕ್ಕು, ಮರಣದಂಡನೆ ಸೆರೆವಾಸಕ್ಕೆ ಇಳಿದ ಮೇಲೆ, ಚೆಂಗಲ್ಪಟ್ಟು ಕಡೆಗೆ ಒಯ್ಯುವ ದಾರಿಯಲ್ಲಿ ಗುಂಡೇಟಿನಿಂದ ಪ್ರಾಣ ಬಿಟ್ಟ. 1860ರಲ್ಲಿ ಸುರಪುರವನ್ನು ಬ್ರಿಟಿಷರು ನಿಜಾಮನಿಗೆ ಒಪ್ಪಿಸಿದರು. ಸುರಪುರದ ಜನ ಟೇಲರನ ಮನೆಯನ್ನು ಉಳಿಸಿಕೊಂಡರು, ವೆಂಕಟಪ್ಪ ನಾಯಕನನ್ನು ಸ್ವಾತಂತ್ರ್ಯ ಹೋರಾಟಗಾರನೆಂದು ಎದೆಯಲ್ಲಿಟ್ಟುಕೊಂಡರು. ಎರಡನ್ನೂ ಒಟ್ಟಿಗೆ ನೆನೆಯುವ ಆ ದೊಡ್ಡತನ ಈ ಊರಿಗೆ ಶೋಭೆ ತರುವಂಥದ್ದು.

ಬಾಡೆನ್-ಬಾಡೆನ್ನಿನ ಪಾಠ

ಟೇಲರ್ ಸುರಪುರದ ಆಡಳಿತಕ್ಕೆ ಕೈಹಾಕಿದ 1842ರಲ್ಲೇ ಜರ್ಮನಿಯ ಬಾಡೆನ್-ಬಾಡೆನ್ ಊರಲ್ಲಿ ವಾಸ್ತುಶಿಲ್ಪಿ ಹೈನ್ರಿಖ್ ಹ್ಯೂಬ್ಶ್ ರೂಪಿಸಿದ ಒಂದು ಮಂಟಪ ಪೂರ್ಣಗೊಂಡಿತು. ಸುಮಾರು 90 ಮೀಟರ್ ಉದ್ದದ ಆ ಕಂಬಗಳ ಸಾಲಿನಲ್ಲಿ ಅಡ್ಡಾಡುತ್ತ ಖನಿಜಯುಕ್ತ ನೀರು ಕುಡಿಯುವುದು ಅಂದಿನ ಯುರೋಪಿನ ಆರೋಗ್ಯ ಪದ್ಧತಿ. ಬ್ಲ್ಯಾಕ್ ಫಾರೆಸ್ಟ್ ಗುಡ್ಡಗಳ ಅಂಚಿನಲ್ಲಿರುವ ಆ ಊರಿನ ನೆಲದಿಂದ 68 ಡಿಗ್ರಿಯವರೆಗಿನ ಬಿಸಿನೀರು ಉಕ್ಕುತ್ತದೆ. ರೋಮನ್ನರ ಕಾಲದಿಂದಲೂ ಅಲ್ಲಿ ಸ್ನಾನಗೃಹಗಳಿದ್ದವು. ಓಸ್ ಎಂಬ ಸಣ್ಣ ಹೊಳೆಯ ದಂಡೆಗುಂಟ ಮರಗಳ ಸಾಲು, ಹುಲ್ಲುಹಾಸು, ನಡೆದಾಡುವ ದಾರಿ ಮಾಡಿ ಆ ಊರು ತನ್ನ ನೀರಿನ ಸುತ್ತ ಒಂದು ಉದ್ಯಾನವನ್ನೇ ಬೆಳೆಸಿತು. 2021ರಲ್ಲಿ ಯುನೆಸ್ಕೋ ಯುರೋಪಿನ ಏಳು ದೇಶಗಳ 11 ಚಿಕಿತ್ಸಾ ಸ್ನಾನದ ಪಟ್ಟಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಜರ್ಮನಿಯಿಂದ ಬಾಡೆನ್-ಬಾಡೆನ್, ಬಾಡ್ ಎಮ್ಸ್, ಬಾಡ್ ಕಿಸ್ಸಿಂಗೆನ್ ಅದರಲ್ಲಿದ್ದವು.

ನಮ್ಮಲ್ಲಿ ಬಿಸಿನೀರ ಬುಗ್ಗೆ ಎಂದರೆ ಪುತ್ತೂರಿನ ಇರ್ದೆಯ ಬೆಂದ್ರು ತೀರ್ಥಕ್ಕೆ ಹೋಗಬೇಕು. ಯಾದಗಿರಿಯಲ್ಲಿ ಅಂಥದ್ದಿಲ್ಲ, ಅದರ ನಕಲೂ ನಮಗೆ ಬೇಕಿಲ್ಲ. ಕಲಿಯಬೇಕಾದದ್ದು ಆ ಊರುಗಳು ತಮ್ಮ ತಾಣವನ್ನು ನಡೆಸುವ ರೀತಿ. ಜರ್ಮನಿಯ ಇಂಥ ಪಟ್ಟಣಗಳಲ್ಲಿ ರಾತ್ರಿ ತಂಗುವ ಪ್ರತಿ ಅತಿಥಿಯಿಂದ ಒಂದು ಸಣ್ಣ ಶುಲ್ಕ ಪಡೆಯುತ್ತಾರೆ. ಆ ಹಣ ಉದ್ಯಾನ, ದಾರಿ, ಬೆಂಚು, ಅತಿಥಿ ಸೌಲಭ್ಯಗಳಿಗೇ ಹೋಗುತ್ತದೆ. ನೋಡಲು ಬಂದವನು ನೋಡಿದ್ದನ್ನು ಕಾಯುವುದಕ್ಕೂ ಹೆಗಲು ಕೊಡುತ್ತಾನೆ. ಅಲ್ಲಿಯ ಉದ್ಯಾನಗಳು ತಲೆಮಾರುಗಳಿಂದ ಹಸಿರಾಗಿರಲು ಈ ವ್ಯವಸ್ಥೆ ಒಂದು ಮುಖ್ಯ ಕಾರಣ.

ವಡಗೇರಾದಿಂದ ಹೊರಟರೆ

ನಮ್ಮ ನೆಲಕ್ಕೆ ಬರೋಣ. ಭೀಮೆ-ಕೃಷ್ಣೆಯರ ನಡುವಿನ ವಡಗೇರಾದಿಂದ ಪಡುವಣಕ್ಕೆ ಹೊರಟರೆ ಮೊದಲು ಎದುರಾಗುವುದು ಶಹಾಪುರದ ಕರಿಗಲ್ಲಿನ ಗುಡ್ಡ. ಭೀಮರಾಯನಗುಡಿ ಕಡೆಯ ದಾರಿಯಲ್ಲಿ ನಿಂತು ನೋಡಿದರೆ ಗುಡ್ಡದ ಸಾಲು ಅಂಗಾತ ಮಲಗಿದ ಆಕೃತಿಯಾಗಿ ಕಾಣುತ್ತದೆ. ಹಣೆ, ಮೂಗು, ಗದ್ದ, ಎದೆ ಎಲ್ಲ ಸ್ಪಷ್ಟ. ಮಲಗಿದ ಬುದ್ಧ ಎಂದು ಜನ ಕರೆಯುವ ಈ ನೋಟ ಉಳಿಯಬೇಕಾದರೆ ಗುಡ್ಡದ ಕಲ್ಲಿಗೆ ಯಾರ ಸುತ್ತಿಗೆಯೂ ತಾಗಬಾರದು. ಅದೇ ತಾಲ್ಲೂಕಿನ ಗೋಗಿಯಲ್ಲಿ ಸೂಫಿ ಸಂತ ಚಂದಾ ಹುಸೇನಿಯ ದರ್ಗಾದ ಬಳಿ ಬಿಜಾಪುರದ ಮೊದಲ ಸುಲ್ತಾನ ಯೂಸುಫ್ ಆದಿಲ್ ಶಾಹನ ಸಮಾಧಿ ಇದೆ. ವಿಭೂತಿಹಳ್ಳಿಯ ಸಾಲುಗಲ್ಲುಗಳೂ ಈ ದಾರಿಗೇ ಸೇರಿದವು.

ಅಲ್ಲಿಂದ ಸುರಪುರ, ಬೋನಾಳ, ದೇವಾಪುರ. ಕೃಷ್ಣೆಯ ದಂಡೆಯಲ್ಲಿ ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ತಿಂಥಣಿಯ ಮೌನೇಶ್ವರ. ಇನ್ನೂ ಮುಂದೆ ನಾರಾಯಣಪುರದ ಛಾಯಾ ಭಗವತಿ ಗುಡಿ. ದಖ್ಖನ್ನಿನ ಎತ್ತರದ ನೆಲದಿಂದ ಸುರಪುರ-ರಾಯಚೂರಿನ ಬಯಲಿಗೆ ಕೃಷ್ಣೆ ಇಳಿಯುವುದು ಈ ಭಾಗದಲ್ಲೇ. ಜಲದುರ್ಗದ ಆಸುಪಾಸಿನಲ್ಲಿ ಸುಮಾರು ಮೂರು ಮೈಲಿಯೊಳಗೆ ನಾನೂರು ಅಡಿಯಷ್ಟು ಇಳಿಯುತ್ತಾಳೆಂದು ಹಳೆಯ ಗ್ಯಾಜೆಟಿಯರ್ ದಾಖಲಿಸಿದೆ. ಬಂಡೆಗಳ ನಡುವೆ ಭೋರ್ಗರೆಯುವ ಆ ನೀರನ್ನು ಕಂಡವರು ಬಿಸಿಲುನಾಡೆಂಬ ಮಾತನ್ನು ಮತ್ತೆ ಯೋಚಿಸಿ ಆಡುತ್ತಾರೆ.

1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಶಂಕುಸ್ಥಾಪನೆ ಮಾಡಿದ ಕೃಷ್ಣಾ ಮೇಲ್ದಂಡೆ ಯೋಜನೆ ಈ ಸೀಮೆಯ ಚಹರೆಯನ್ನೇ ಬದಲಿಸಿತು. 1982ರಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯ ಸಿದ್ಧವಾದ ಮೇಲೆ ಎಡದಂಡೆ ಕಾಲುವೆ, ಶಹಾಪುರ ಶಾಖಾ ಕಾಲುವೆಗಳು ಜೋಳ, ತೊಗರಿ ಬೆಳೆಯುತ್ತಿದ್ದ ಎರೆಹೊಲಗಳಿಗೆ ಭತ್ತ ತಂದವು. ಒಡ್ಡಿನ ಮೇಲೆ ನಿಂತು ನೀರು ನೋಡುವುದು ಇಲ್ಲಿಯವರ ಹೊಸ ವಿಹಾರವಾಯಿತು. ಛಾಯಾ ಭಗವತಿಯ ಎದುರು ಹರಿಯುವ ನೀರಿನ ಹೆಚ್ಚು ಕಡಿಮೆ ಈಗ ಜಲಾಶಯದ ಗೇಟುಗಳ ಕೈಯಲ್ಲಿದೆ. ಹೊರಡುವ ಮೊದಲು ನದಿಗೆ ನೀರು ಬಿಟ್ಟಿದ್ದಾರೆಯೇ ಎಂದು ಸ್ಥಳೀಯರನ್ನು ಕೇಳಿ ತಿಳಿಯುವುದು, ಬಿಟ್ಟಿದ್ದರೆ ಬಂಡೆಗಳ ಮೇಲೆ ಇಳಿಯದಿರುವುದು ಜೀವಕ್ಕೆ ಒಳ್ಳೆಯದು.

ನಾವು ಮಾಡಬೇಕಾದದ್ದು

ಹೊರಗೆ ಹೋಗಿ ಹಸಿರಿನ ನಡುವೆ ಉಂಡು ಬರುವ ರೂಢಿಯನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಎಳ್ಳ ಅಮಾವಾಸ್ಯೆಗೆ ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಶೇಂಗಾ ಹೋಳಿಗೆ ಕಟ್ಟಿಕೊಂಡು ಬಂಡಿ ಹೂಡಿ ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಬಂದವರಿಗೆಲ್ಲ ಬಡಿಸಿ ಉಣ್ಣುವ ನಾಡು ಇದು. ಉಣ್ಣುವ ಮೊದಲು ಭೂಮಿತಾಯಿಗೆ ಕೊಡುವುದು ಆ ಹಬ್ಬದ ಕ್ರಮ. ಅದೇ ಕ್ರಮ ಕೆರೆಗೂ ಗುಡ್ಡಕ್ಕೂ ಅನ್ವಯಿಸಬೇಕು.

ಬೋನಾಳಕ್ಕೆ ಬಣ್ಣದ ಕಾರಂಜಿ ಬೇಡ, ಸಂಗೀತದ ಮೆರವಣಿಗೆ ಬೇಡ. ಅದಕ್ಕೆ ಬೇಕಾದದ್ದು ಹೂಳು ತುಂಬದ ಒಡಲು, ಗಟ್ಟಿ ಒಡ್ಡು, ಕೆಡದ ತೂಬು, ಕದಡದ ಜೊಂಡು, ಗದ್ದೆಗೆ ಹೊಡೆದ ಔಷಧಿ ಸೇರದ ನೀರು. ಹಕ್ಕಿ ನೋಡಲು ದೂರದಿಂದ ನಿಲ್ಲುವ ಒಂದು ಮರೆ, ಹಕ್ಕಿಯ ಹೆಸರು ಹೇಳಿಕೊಡುವ ಊರಿನ ಹುಡುಗ ಹುಡುಗಿಯರು ಇದ್ದರೆ ಸಾಕು. ಬಂದವರಿಂದ ಹತ್ತಿಪ್ಪತ್ತು ರೂಪಾಯಿ ಪಡೆದು, ಅದನ್ನು ಗ್ರಾಮ ಪಂಚಾಯಿತಿ ಅದೇ ಕೆರೆಗೆ ಖರ್ಚು ಮಾಡಿ, ಲೆಕ್ಕವನ್ನು ಕೆರೆಯ ಬಳಿಯೇ ಫಲಕದಲ್ಲಿ ಬರೆದು ತೋರಿಸಲಿ. ಟೇಲರ್ ಮಂಜಿಲಿನಲ್ಲಿ ಸುರಪುರ ಸಂಸ್ಥಾನದ, ವೆಂಕಟಪ್ಪ ನಾಯಕನ, ಈ ಸೀಮೆಯ ಶಿಲಾಗೋರಿಗಳ ಕಥೆ ಹೇಳುವ ಒಂದು ಕೋಣೆಯಾದರೂ ಆಗಲಿ.

ಓದುಗರಲ್ಲಿ ಒಂದು ಕೋರಿಕೆ. ಈ ನವೆಂಬರ್‌ನಿಂದ ಫೆಬ್ರುವರಿಯೊಳಗೆ, ಬಿಸಿಲು ಏರುವ ಮುನ್ನ, ಮಕ್ಕಳನ್ನು ಕರೆದುಕೊಂಡು ಈ ದಾರಿಯಲ್ಲಿ ಒಮ್ಮೆ ಹೋಗಿಬನ್ನಿ. ಬುತ್ತಿ ಕಟ್ಟಿಕೊಳ್ಳಿ, ಪ್ಲಾಸ್ಟಿಕ್ ಒಯ್ಯಬೇಡಿ. ಕಲ್ಲುಗೋರಿಗಳ ಮೇಲೆ ಹೆಸರು ಕೆತ್ತುವವರನ್ನು ಕಂಡರೆ ತಡೆಯಿರಿ. ನೋಡುವ ಜನ ಹೆಚ್ಚಿದರೆ ಕಾಯುವ ಜನವೂ ಹೆಚ್ಚುತ್ತಾರೆ. ಕಾಯುವವರು ಇದ್ದಷ್ಟು ಕಾಲ ಮಾತ್ರ ಈ ಕೆರೆ, ಈ ಗುಡ್ಡ ನಮ್ಮವು.