ಓಡುವ ಟೇಪು ಕಾಯುವುದಿಲ್ಲ!

ಜಯನಗರ, ಬನಶಂಕರಿ, ಜೆ.ಪಿ. ನಗರದ ಎಷ್ಟೋ ಮನೆಗಳ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ ಒಂದೆರಡು ವಿಎಚ್‌ಎಸ್ ಕ್ಯಾಸೆಟ್‌ಗಳು ಇನ್ನೂ ಮಲಗಿವೆ. ಅಪ್ಪ–ಅಮ್ಮನ ಮದುವೆ, ಅಕ್ಕನ ನಾಮಕರಣ, ಈಗಿಲ್ಲದ ಅಜ್ಜಿಯ ದನಿ ಎಲ್ಲವೂ ಅದರೊಳಗಿವೆ. ನೋಡೋಣವೆಂದರೆ ವಿಸಿಆರ್ ಇಲ್ಲ. ಅದನ್ನು ಕೊನೆಯವರೆಗೂ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿಯೂ 2016ರಲ್ಲಿ ಕೈಬಿಟ್ಟಿತು. ಆಗ ದೊಡ್ಡಮ್ಮನ ಕಣ್ಣು ನಮ್ಮ ಮೇಲೆ ಬೀಳುತ್ತದೆ: ‘ಕಂಪ್ಯೂಟರ್ ಓದ್ತಿದ್ದೀಯಲ್ಲೋ, ಇದನ್ನ ಪೆನ್‌ಡ್ರೈವ್‌ಗೆ ಹಾಕ್ಕೊಡು.’

ಯಾರದೋ ಹಳೆಯ ವಿಸಿಆರ್ ತಂದು, ಯುಎಸ್‌ಬಿ ಕ್ಯಾಪ್ಚರ್ ಸಾಧನ ಸಿಕ್ಕಿಸಿ, ರೆಕಾರ್ಡ್ ಒತ್ತಿದರೆ ಕೆಲಸ ಮುಗಿಯಿತೇ? ಫೈಲ್ ತೆರೆದು ನೋಡಿ. ಡೋಲಿನ ಮೇಲೆ ಕೋಲು ಬಿದ್ದ ಎಷ್ಟೋ ಹೊತ್ತಿಗೆ ಗಟ್ಟಿಮೇಳ ಕೇಳುತ್ತದೆ. ಪುರೋಹಿತರ ತುಟಿ ಮುಂದೆ, ಮಂತ್ರ ಹಿಂದೆ. ಇದೇ ‘ಡ್ರಾಪ್ಡ್ ಫ್ರೇಮ್’ ಕಾಟ.

ಲೆಕ್ಕ ಸರಳ

ನಮ್ಮ ಪಾಲ್ ಪದ್ಧತಿಯ ವಿಡಿಯೊದಲ್ಲಿ ಸೆಕೆಂಡಿಗೆ 25 ಫ್ರೇಮ್. ಒಂದು ಗಂಟೆಗೆ 90,000. ಅದರಲ್ಲಿ 50 ಕಳೆದರೆ ಚಿತ್ರ ಎರಡು ಸೆಕೆಂಡು ಕಿರಿದಾಗುತ್ತದೆ, ಧ್ವನಿ ಮಾತ್ರ ಪೂರ್ತಿ ಇರುತ್ತದೆ. ಕೆಲವು ಸಾಫ್ಟ್‌ವೇರ್‌ಗಳು ಹಿಂದಿನ ಫ್ರೇಮನ್ನೇ ಮತ್ತೆ ತುಂಬಿ ಲೆಕ್ಕ ಸರಿದೂಗಿಸುತ್ತವೆ. ಆಗ ಧ್ವನಿ ಸರಿಹೋದರೂ ಚಿತ್ರ ತಡವರಿಸುತ್ತದೆ.

ಫೈಲ್ ಕಾಪಿ ಮಾಡುವಾಗ ಕಂಪ್ಯೂಟರ್ ನಿಧಾನವಾದರೆ ಫೈಲ್ ಕಾಯುತ್ತದೆ. ಓಡುವ ಟೇಪು ಕಾಯುವುದಿಲ್ಲ. ನಲ್ಲಿಯಲ್ಲಿ ನೀರು ಬರುತ್ತಿರುವಾಗ ತುಂಬಿದ ಬಿಂದಿಗೆ ಎತ್ತಿ ಬೇರೆಯದನ್ನು ಇಡುವುದು ತಡವಾದರೆ ಏನಾಗುತ್ತದೆ? ನೀರು ಚೆಲ್ಲುತ್ತದೆ. ಇಲ್ಲಿ ಬಿಂದಿಗೆಯೆಂದರೆ ಮೆಮೊರಿಯ ಬಫರ್, ಚೆಲ್ಲುವುದು ಫ್ರೇಮ್.

ಎಲ್ಲಿ ಚೆಲ್ಲುತ್ತದೆ?

ಕುಗ್ಗಿಸದೆ ಹಿಡಿದ 720×576 ವಿಡಿಯೊ ಸೆಕೆಂಡಿಗೆ ಸುಮಾರು 20 ಎಂಬಿ, ಗಂಟೆಗೆ ಸುಮಾರು 75 ಜಿಬಿ. ಇಂದಿನ ಡಿಸ್ಕಿಗೆ ಇದು ದೊಡ್ಡ ಹೊರೆಯಲ್ಲ. ಆದರೆ ಅದೇ ಹೊತ್ತಿಗೆ ಆ್ಯಂಟಿವೈರಸ್ ತಪಾಸಣೆ, ವಿಂಡೋಸ್ ಅಪ್‌ಡೇಟ್, ಇಪ್ಪತ್ತು ಬ್ರೌಸರ್ ಟ್ಯಾಬ್ ಇದ್ದರೆ ಡಿಸ್ಕು ಅರೆಕ್ಷಣ ಬೇರೆ ಕಡೆ ತಿರುಗುತ್ತದೆ. ಅಷ್ಟು ಸಾಕು. ಕ್ಯಾಪ್ಚರ್ ಸಾಧನ, ಹೊರಗಿನ ಡಿಸ್ಕು ಎರಡನ್ನೂ ಒಂದೇ ಯುಎಸ್‌ಬಿ ಹಬ್‌ಗೆ ಸಿಕ್ಕಿಸುವುದು, ಲ್ಯಾಪ್‌ಟಾಪನ್ನು ಬ್ಯಾಟರಿ ಉಳಿಸುವ ಮೋಡ್‌ನಲ್ಲಿ ಬಿಡುವುದು ಕೂಡ ಇದೇ ತೊಂದರೆ ತರುತ್ತವೆ.

ಇಷ್ಟೆಲ್ಲ ಸರಿಪಡಿಸಿದರೂ ಫ್ರೇಮ್ ಹೋಗುತ್ತಿದ್ದರೆ ದೋಷ ಕಂಪ್ಯೂಟರಿನದಲ್ಲದೆ ಟೇಪಿನದಿರಬಹುದು. ಹಿಗ್ಗಿದ ಟೇಪು, ಕೊಳೆಯಾದ ಹೆಡ್‌ನಿಂದ ಬರುವ ಸಿಗ್ನಲ್ ತಾಳ ತಪ್ಪಿರುತ್ತದೆ. ಫ್ರೇಮ್ ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂಬುದೇ ಕ್ಯಾಪ್ಚರ್ ಸಾಧನಕ್ಕೆ ಗೊತ್ತಾಗುವುದಿಲ್ಲ. ಹೆಡ್ ಶುಚಿಮಾಡಿ, ಟ್ರ್ಯಾಕಿಂಗ್ ಹೊಂದಿಸಿ. ಆಗಲೂ ಆಗದಿದ್ದರೆ ತಾಳ ಸರಿಪಡಿಸುವ ಟೈಮ್ ಬೇಸ್ ಕರೆಕ್ಟರ್ ಬೇಕು.

ಮೊದಲು ಐದು ನಿಮಿಷ

ಟೇಪು ಓಡಿದಷ್ಟೂ ಸವೆಯುತ್ತದೆ. ಬೂಷ್ಟು ಹಿಡಿದ ಟೇಪಾದರೆ ವಿಸಿಆರ್‌ಗೆ ಹಾಕಲೇಬೇಡಿ, ತಿಳಿದವರಿಗೆ ತೋರಿಸಿ. ಬೆಲೆಯಿಲ್ಲದ ಯಾವುದಾದರೂ ಕ್ಯಾಸೆಟ್‌ನಲ್ಲಿ ಐದು ನಿಮಿಷ ಪರೀಕ್ಷೆ ಮಾಡಿ. ವರ್ಚುವಲ್‌ಡಬ್ ಕಳೆದ ಫ್ರೇಮ್‌ಗಳನ್ನು ಎಣಿಸಿ ತೋರಿಸುತ್ತದೆ. ಓಬಿಎಸ್‌ನ ಸ್ಟ್ಯಾಟ್ಸ್ ವಿಂಡೋದಲ್ಲೂ ಅಂಥ ಎಣಿಕೆಯಿದೆ. ಸೊನ್ನೆ ಸೊನ್ನೆಯಾಗಿಯೇ ಉಳಿದ ಮೇಲೆ ಮದುವೆಯ ಕ್ಯಾಸೆಟ್ ಹಾಕಿ. ಆನ್‌ಲೈನ್ ಪಾಠವೋ ಗೇಮೋ ರೆಕಾರ್ಡ್ ಮಾಡುವವರಿಗೂ, ಎಡಿಟಿಂಗ್ ಕೆಲಸ ಹುಡುಕುವವರಿಗೂ ಈ ಅಭ್ಯಾಸ ಉಪಯೋಗಕ್ಕೆ ಬರುತ್ತದೆ.

ಕಳೆದ ಫ್ರೇಮನ್ನು ಯಾವ ಎಡಿಟರ್ ಕೂಡ ಫೈಲಿನಿಂದ ವಾಪಸ್ ತರಲಾರ. ಅದು ಇರುವುದು ಟೇಪಿನಲ್ಲಿ ಮಾತ್ರ. ಆದ್ದರಿಂದ ಪೆನ್‌ಡ್ರೈವ್ ಕೊಡುವಾಗ ಕ್ಯಾಸೆಟ್ಟನ್ನೂ ದೊಡ್ಡಮ್ಮನ ಕೈಗೇ ಕೊಟ್ಟು, ‘ಇದನ್ನ ಎಸೀಬೇಡಿ’ ಅಂತ ಹೇಳಿ ಬನ್ನಿ.